ಮಂಜಿಗೊಂದು ಕಾರಣ ಬೇಕು

ಬಾ ಇತ್ಸುಕಿ, ಬೂಟಿನ ಹಿಮ ಅಲ್ಲೇ ಕೊಡವು.
ಒತಾರುವಿನಲ್ಲಿ ಫೆಬ್ರವರಿ ಎಂದರೆ
ಸೀಮೆಎಣ್ಣೆ ಒಲೆಯ ಸುತ್ತಲಿನ ಎರಡು ಚಾಪೆಯಷ್ಟೇ ನನ್ನ ರಾಜ್ಯ.
ಕೂರು. ಕಿತ್ತಳೆ ಸುಲಿದುಕೋ.
ನಿನ್ನ ಆಟವನ್ನು ಮೂರು ರಾತ್ರಿ ಆಡಿದೆ.
ಹೇಳುತ್ತೇನೆ, ಬೇಜಾರಾಗಬೇಡ;
ಆಗುವುದಾದರೆ ಹಣ್ಣು ಮುಗಿಸಿ ಆಗು.

ಮೊದಲು ಮಂಜು.
ಊರ ತುಂಬ ಸುರಿದಿದ್ದೀಯ,
ಹತ್ತು ಹೆಜ್ಜೆಯಾಚೆ ಏನೂ ಕಾಣದು.
ನಾವೂ ಸುರಿದಿದ್ದೆವು.
ಯಾಕೆ ಗೊತ್ತೆ? ಹತ್ತು ಹೆಜ್ಜೆಯಾಚೆ
ನಮ್ಮಲ್ಲಿ ಏನೂ ಇರಲಿಲ್ಲ.
ಹನ್ನೊಂದನೆಯ ಹೆಜ್ಜೆಯ ರಸ್ತೆ ಬಿಡಿಸಲು
ಆ ಬಡ ಯಂತ್ರಕ್ಕೆ ತ್ರಾಣವಿರಲಿಲ್ಲ.
ನೆಂಟರು ಬಂದಾಗ ಹರಿದ ಚಾಪೆಯ ಮೇಲೆ
ಮೇಜು ಎಳೆದಿಡುತ್ತೇವಲ್ಲ, ಅಂಥ ಮಂಜು.
ಜನ ಹೆದರಿದರು. ನಮಗೇ ಆಶ್ಚರ್ಯ.
ನಿನ್ನ ಯಂತ್ರವೋ ಇಡೀ ಬೆಟ್ಟವನ್ನು
ಎಲೆ ಎಲೆಯಾಗಿ ತೋರಿಸಬಲ್ಲದು,
ಆದರೂ ಮುಚ್ಚಿದ್ದೀಯ.
ಉಳ್ಳವನು ಉಣ್ಣದಿದ್ದರೆ ವ್ರತ,
ಇಲ್ಲದವನು ಉಣ್ಣದಿದ್ದರೆ ಹಸಿವು.
ನಿನ್ನ ಮಂಜಿನಲ್ಲಿ ಹಸಿವಿಲ್ಲ, ಮಗು.

ಆಮೇಲೆ ಬಾಗಿಲು.
ಒಂದೊಂದೂ ಕಪ್ಪಿನೊಳಗೆ ಕಿರ್ರೆಂದು
ಏಳು ಸೆಕೆಂಡು ತೆರೆಯುತ್ತದೆ.
ನಮ್ಮ ತಟ್ಟೆ ಗಿರಗಿರ ತಿರುಗಿ
ಮುಂದಿನ ಕೋಣೆಯನ್ನು ಹೊತ್ತು ತರಬೇಕಿತ್ತು;
ಅಷ್ಟು ಹೊತ್ತು ಆಡುವವರ ಕೈ ಹಿಡಿದಿರಲೆಂದು
ಹೊಸಾಕಾ ತನ್ನ ಅಜ್ಜಿಯ ಉಗ್ರಾಣದ ಬಾಗಿಲ ದನಿಯನ್ನು
ಟೇಪಿನಲ್ಲಿ ತುಂಬಿಕೊಂಡು ಬಂದ.
ಹೊಸಾಕಾ ಹೋಗಿ ಒಂಬತ್ತು ವರ್ಷ.
ನಿನ್ನಲ್ಲಿ ಕೋಣೆ ಮೊದಲೇ ಸಿದ್ಧವಾಗಿ ನಿಂತಿದೆ,
ಮತ್ತೆ ಯಾರಿಗಾಗಿ ಕಾಯಿಸುತ್ತೀ?
ನಿನ್ನೆ ಒಂದೇ ಬಾಗಿಲನ್ನು ಮೂವತ್ತೊಂದು ಸಲ ದಾಟಿದೆ.
ಹತ್ತನೆಯ ಸಲಕ್ಕೆ ಭಯ ಹೋಯಿತು,
ಇಪ್ಪತ್ತನೆಯ ಸಲಕ್ಕೆ ಎದ್ದು ಅಕ್ಕಿ ತೊಳೆದಿಟ್ಟು ಬಂದೆ.

ಚೀಲಕ್ಕೆ ಆರೇ ಮನೆ.
ಪಿಸ್ತೂಲು, ಗುಂಡು, ದೀಪ, ಮುಲಾಮು,
ಕುದುರೆ ಮುದ್ರೆಯ ಅರ್ಧ, ಇನ್ನೊಂದು ಅರ್ಧ.
ಕೊನೆಗೂ ಬೀಗದಕೈ ಸಿಕ್ಕಿತು, ಹೆಬ್ಬೆರಳಷ್ಟು.
‘ಜಾಗವಿಲ್ಲ’ ಎಂದಿತು ಆಟ.
ಬೆನ್ನಿಗೆ ಕೂಸು ಕಟ್ಟಿ, ಎರಡು ಕೈಗೂ ಮೀನಿನ ಬುಟ್ಟಿ ಹಿಡಿದು
ಈ ಏರು ಹತ್ತಿದವಳು ನಾನು.
ಬೀಗದಕೈಯನ್ನು ಹಲ್ಲಲ್ಲಿ ಕಚ್ಚಿಕೊಂಡಾದರೂ ಹೋಗುತ್ತಿದ್ದೆ.

ಕ್ಯಾಮೆರಾವನ್ನು ಮೂಲೆಗೆ ಅಂಟಿಸಿದ್ದೀಯಲ್ಲ,
ಆ ಪಾಪ ನನ್ನದು.
ಒಂದು ಓಣಿಗೆ ಹದಿನೇಳು ದಿನ ಬಣ್ಣ ಬಳಿದಿದ್ದೆ,
ಗೋಡೆಯ ಪಸೆಗೇ ಎರಡು ದಿನ.
ಒಂದು ಜಾಗದಿಂದ ನೋಡಿದರೆ ಓಣಿ,
ಗೇಣು ಸರಿದರೆ ಬರೀ ಕಾಗದ.
ಅದಕ್ಕೇ ಕಣ್ಣು ಕದಲಬಾರದಿತ್ತು.
ನಿನ್ನದು ಎಲ್ಲ ಕಡೆಯಿಂದಲೂ ಗೋಡೆಯಾದ ಗೋಡೆ,
ಕಣ್ಣಿಗೇಕೆ ಹಗ್ಗ?
ನೋಟ ಬದಲಾದೊಡನೆ ಎಡ ಬಲವಾಗಿ
ನಾನೇ ಓಡಿಹೋಗಿ ಹೆಣದ ತೋಳಿಗೆ ಬಿದ್ದೆ.
ಕೊಂದದ್ದು ಹೆಣವಲ್ಲ, ಹೆಬ್ಬೆರಳು.
ಎರಡು ಗಂಟೆಯ ಆಟ ಮಣ್ಣುಪಾಲು.

ಎಲ್ಲ ಬರೆದುಕೊಂಡೆಯಾ?
ಈಗ ಪೆನ್ನು ಕೆಳಗಿಡು.

ಆಸ್ಪತ್ರೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಹಿಂದೆ
ಒಂದು ಓಣಿ ಇದೆ. ಹೆಣವಿಲ್ಲ, ಸಂಗೀತವಿಲ್ಲ.
ನಡೆದೆ.
ಕಾಲು ಆಡುತ್ತಿದೆ, ದೀಪ ತೂಗುತ್ತಿದೆ,
ಹೆಜ್ಜೆಯ ಸದ್ದಿಲ್ಲ.
ನಿಂತು ಮತ್ತೆ ನಡೆದೆ. ಇಲ್ಲ.
ಒಲೆ ಸಣ್ಣಗೆ ಮಾಡಿ ಕಿವಿಗೊಟ್ಟೆ. ಇಲ್ಲ.
ಈ ಆಟದಲ್ಲಿ ನಾನು ಯಾವಾಗಿನಿಂದ ಇಲ್ಲ
ಎಂಬ ಪ್ರಶ್ನೆ ಬೆನ್ನ ಹುರಿಯಲ್ಲಿ ಇಳಿಯಿತು.
ಹೊರಗೆ ಮಾಡಿನಿಂದ ಹಿಮ ಜಾರಿ ದೊಪ್ಪೆಂದಿತು.
ಕಂಟ್ರೋಲರನ್ನು ಚಾಪೆಯ ಮೇಲೆ ಬೋರಲು ಹಾಕಿ
ಬೆಳಗಿನವರೆಗೂ ದೀಪ ಉರಿಸಿ ಕೂತೆ.

‘ಅದು ಮರೆತದ್ದು, ಓಚಿಯಾಯಿ-ಸಾನ್,
ಇವತ್ತೇ ಸರಿಮಾಡುತ್ತೇನೆ’ ಎನ್ನುತ್ತೀಯಲ್ಲ.
ಪೆಚ್ಚು ಹುಡುಗ.
ಮಂಜು ನಮ್ಮದು, ಬಾಗಿಲು ಹೊಸಾಕಾನದು, ಗೋಡೆ ನನ್ನದು.
ಮರೆತದ್ದೊಂದೇ ನಿನ್ನದು.

ಕತ್ತಲಾಯಿತು, ಹೊರಡು.
ಮೆಟ್ಟಿಲ ದೀಪ ಕೆಟ್ಟಿದೆ,
ಎಂಟನೆಯ ಮೆಟ್ಟಿಲು ಸಡಿಲ.
ಸದ್ದು ಮಾಡಿಕೊಂಡು ಇಳಿ.
ಇಲ್ಲಿಂದಲೇ ಕೇಳಿಸಿಕೊಳ್ಳುತ್ತಿರುತ್ತೇನೆ.